ಊಟ, ನಡಿಗೆ ದಿನಾ ಬರೆದಿಟ್ಟು ತೂಕ ಇಳಿಸಿದವರು ಇದ್ದೀರಾ? (ಕಲಬುರಗಿ)

ರಾತ್ರಿಪಾಳಿ: ನರ್ಸ್ ಕೆಲಸ, ವಯಸ್ಸು 34, ತೂಕ 86 ಕೆಜಿ. ತಿಂದದ್ದನ್ನು ಆ್ಯಪ್‌ನಲ್ಲಿ ಬರೆಯಲಾ, ನೋಟ್‌ಬುಕ್‌ನಲ್ಲಾ? ರಾತ್ರಿ 2 ಗಂಟೆಯ ಊಟ ಯಾವ ದಿನದ ಲೆಕ್ಕಕ್ಕೆ ಹಾಕಬೇಕು? ಅನುಭವ ಇದ್ದವರು ಹೇಳಿ.

ಬಿಳಿಜೋಳ: ಆ್ಯಪ್ ನಂಬಿ ಮೂರು ತಿಂಗಳು ಹಾಳು ಮಾಡಿಕೊಂಡೆ ಅಕ್ಕಾರೆ. 'ರೊಟ್ಟಿ' ಅಂತ ಹಾಕಿದರೆ ಅದು ತೆಳ್ಳನೆ ಗೋಧಿ ಚಪಾತಿ ಅಂದುಕೊಂಡು 100 ಕ್ಯಾಲರಿ ಬರೆಯಿತು. ಕೊನೆಗೆ 480 ರೂಪಾಯಿ ಕೊಟ್ಟು ಅಡುಗೆ ತಕ್ಕಡಿ ತಂದೆ. ನಮ್ಮತ್ತೆ ಒಂದು ರೊಟ್ಟಿಗೆ 70 ಗ್ರಾಂ ಹಿಟ್ಟು ಹಿಡಿಯುತ್ತಾರೆ. ಅಂದರೆ 240 ಕ್ಯಾಲರಿ! ದಿನಕ್ಕೆ ಐದು ರೊಟ್ಟಿ. ಬರೆದದ್ದು 500, ತಿಂದದ್ದು 1,200. ಹಿಟ್ಟಿನ ಪರಾತ ತಕ್ಕಡಿ ಮೇಲೆ ಇಟ್ಟಿದ್ದಕ್ಕೆ ಅತ್ತೆ 'ನಾನೇನು ಹಿಟ್ಟು ಕದೀತೀನಾ' ಅಂತ ಎರಡು ದಿನ ಮಾತು ಬಿಟ್ಟರು. ಈಗ ಮೂರೇ ರೊಟ್ಟಿ. ಐದು ತಿಂಗಳಲ್ಲಿ 6 ಕೆಜಿ ಇಳಿದೆ.

ಬೀದರ್ ಗಾಳಿ: ಪಾಪ, ಜೋಳದ ರೊಟ್ಟಿ ಏನು ಮಾಡಿತ್ತು? ಅದರ ಜೊತೆ ಶೇಂಗಾ ಹಿಂಡಿ (ಚಟ್ನಿಪುಡಿ) ಎಷ್ಟು, ಮೇಲೆ ಎಣ್ಣೆ ಎಷ್ಟು, ಅದನ್ನು ಹೇಳಿ. ದೊಡ್ಡ ಚಮಚ ಎಣ್ಣೆಗೇ 120 ಕ್ಯಾಲರಿ. ನಾನು ಜಿಮ್‌ಗೆ ವರ್ಷದ ಫೀಸು 9,500 ಕಟ್ಟಿ 19 ದಿನ ಹೋದೆ. ಮೊಣಕಾಲು ಊದಿತು, ಡಾಕ್ಟರಿಗೆ 600, ಬೆಲ್ಟಿಗೆ 850. ಜಿಮ್‌ನವರು ಒಂದು ಪೈಸೆ ವಾಪಸ್ ಕೊಡಲಿಲ್ಲ. ಕೊನೆಗೆ ಉಳಿದದ್ದು 40 ರೂಪಾಯಿ ನೋಟ್‌ಬುಕ್. ಸಂಜೆಯ ಸುಸಲಾ, ಮಿರ್ಚಿ ಭಜಿ ಎಲ್ಲ ಬರೀತೀನಿ. ನಾಚಿಕೆಗೇ ಒಂದು ಭಜಿ ಕಮ್ಮಿ ಆಗಿದೆ.

ಬಿಳಿಜೋಳ: ನಾನು ರೊಟ್ಟಿಗೆ ಬೈದೆನಾ? ಸರಿಯಾಗಿ ಓದಿ. ತೂಗದೆ ಬರೆಯೋದು ಸುಮ್ನೆ ದಂಡ ಅಂದೆ ಅಷ್ಟೆ. ನಿಮ್ಮ ನೋಟ್‌ಬುಕ್‌ನಲ್ಲಿ 'ಒಂದು ಬಟ್ಟಲು ಬೇಳೆ' ಅಂತ ಇರುತ್ತದಲ್ವಾ? ಯಾರ ಮನೆ ಬಟ್ಟಲು?

ಕೆರೆದಂಡೆ: ಇಬ್ಬರೂ ಊಟದಲ್ಲೇ ಇದ್ದೀರಿ. ನಾನು 3,200ರ ವಾಚು ಕಟ್ಟಿಕೊಂಡು ಕಲಬುರಗಿಯ 'ಅಪ್ಪನ ಕೆರೆ' ಸುತ್ತಿದೆ, ದಿನಾ 10,000 ಹೆಜ್ಜೆ. ಆಮೇಲೆ ಗೊತ್ತಾಯಿತು, ಆ ಸಂಖ್ಯೆ ಡಾಕ್ಟರು ಹೇಳಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಂತೆ! ನನ್ನ ವಾಚು ಬೈಕ್ ಮೇಲೆ ಹೊಂಡ ಹಾರಿದರೂ ಹೆಜ್ಜೆ ಎಣಿಸುತ್ತದೆ. ಮೇ ತಿಂಗಳಲ್ಲಿ ಬೆಳಿಗ್ಗೆ ಐದಕ್ಕೆ ಹೊರಟರೆ ನಾಯಿ, ಏಳಕ್ಕೆ ಹೊರಟರೆ ಬಿಸಿಲು. ಒಂದು ಬೇಸಿಗೆ ನಡಿಗೆ ಬಿಟ್ಟೆ, 4 ಕೆಜಿ ವಾಪಸ್ ಬಂತು.

ರಾತ್ರಿಪಾಳಿ: ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ 2 ಗಂಟೆಯ ಊಟ...?

ಬೀದರ್ ಗಾಳಿ: ಬಿಸಿಲಿನ ನೆಪ ಎಲ್ಲರಿಗೂ ಇದ್ದದ್ದೇ. ನಾನು ಮೇನಲ್ಲೂ ಕೋಟೆ ಸುತ್ತ ಒಂದು ದಿನ ತಪ್ಪಿಸಿಲ್ಲ.

ಕೆರೆದಂಡೆ: ನಿಮಗೇನ್ರೀ, ಎತ್ತರದ ಮೇಲಿನ ತಂಪು ಊರು. ಕಲಬುರಗಿಗೆ ಬಂದು 43 ಡಿಗ್ರಿಯಲ್ಲಿ ಸುತ್ತಿ ನೋಡಿ.

ಬೀದರ್ ಗಾಳಿ: ತಂಪು ಊರಾ? ನಮ್ಮ ಮನೆ ತಗಡಿನ ಕೆಳಗೆ ಒಂದು ಮಧ್ಯಾಹ್ನ ಕೂತು ಹೋಗಿ, ಆಮೇಲೆ ಮಾತಾಡೋಣ.