ಲ್ಯಾಬ್ರಡಾರ್ ಮೇಲ್ದವಡೆ ಗಂಟು: ಸಿಟಿ ಸಾಕೋ, ಎಂಆರ್‌ಐ ಬೇಕೋ?

ಹಾವೇರಿ ಕ್ಲಿನಿಕ್
9 ವರ್ಷದ ಲ್ಯಾಬ್ರಡಾರ್, 28 ಕೆಜಿ. ಬಲಗಡೆ ಮೇಲ್ದವಡೆ, ನಾಲ್ಕನೇ ಪ್ರೀಮೋಲಾರ್ (ಮುಂದವಡೆ ಹಲ್ಲು) ಹತ್ರ 2.5 ಸೆಂ.ಮೀ. ಗಟ್ಟಿ ಗಂಟು, ಬುಡ ಅಗಲ. ಎಕ್ಸ್‌ರೇಯಾಗ ಎಲುಬು ಚೊಲೋ ಕಾಣತೈತಿ. ಬಯಾಪ್ಸಿ (ತುಣುಕು ಪರೀಕ್ಷೆ) ‘ಫೈಬ್ರೋಮಾ ಇರಬಹುದು’, ಅಂದ್ರ ಕ್ಯಾನ್ಸರ್ ಅಲ್ಲದ ಗಂಟು, ಅಂತ ಬಂದೈತಿ, ಆದ್ರ ಗಂಟು ಬೆಳೀಲಿಕ್ಕತ್ತೈತಿ. ಹುಬ್ಬಳ್ಳಿಯಾಗ ಮನುಷ್ಯರ ಸ್ಕ್ಯಾನ್ ಸೆಂಟರ್‌ನವ್ರು ರಾತ್ರಿ ಪೇಷಂಟ್ ಮುಗಿದ ಮ್ಯಾಲೆ ತಗೋತೀವಿ ಅಂತಾರ. ಟೆಕ್ನಿಷಿಯನ್‌ಗೆ ಏನೇನು ಹೇಳಬೇಕ್ರಿ?

ಧಾರವಾಡ ಸರ್ಜರಿ
ಸಿಟಿ ಮಾಡಸ್ರಿ. ಎಲುಬಿನ ಖನಿಜ 30–50% ಹೋಗೋತನಕ ಎಕ್ಸ್‌ರೇಯಾಗ ಏನೂ ತಿಳಿಯೂದಿಲ್ಲ. ಮೇಲ್ದವಡೆಯಾಗಂತೂ ಹಲ್ಲು, ಮೂಗಿನ ಎಲುಬು ಒಂದರ ಮ್ಯಾಲೊಂದು ಬೀಳತಾವ. ಬಯಾಪ್ಸಿ ನಂಬಿ ಕೂಡಬ್ಯಾಡ್ರಿ. ಗೋಲ್ಡನ್ ರಿಟ್ರೀವರ್‌ನಂಥ ದೊಡ್ಡ ನಾಯಿಗಳ ಮೇಲ್ದವಡೆಗೆ ಒಂದು ಥರದ ಫೈಬ್ರೋಸಾರ್ಕೋಮಾ (ನಾರಿನ ಅಂಗಾಂಶದ ಕ್ಯಾನ್ಸರ್) ಬರತೈತಿ: ಸ್ಲೈಡಿನಾಗ ಸಾಧು, ಎಲುಬಿನಾಗ ರಾಕ್ಷಸ. ಸಿಟಿ ಚಿತ್ರ ಪ್ಯಾಥಾಲಜಿಸ್ಟ್‌ಗೂ ಕಳಿಸ್ರಿ. ಮತ್ತೆ ತುಣುಕು ತಗಿಯೂದಿದ್ರ ಅದೇ ಅರಿವಳಿಕೆಯಾಗ, ಸ್ಕ್ಯಾನ್ ಆದ ಮ್ಯಾಲೆ, ಬಾಯಿ ಒಳಗಿಂದ ಆಳಕ್ಕ. ತುಟಿ ಚರ್ಮ ಕೊಯ್ದು ತಗೊಂಡ್ರ ಆಮ್ಯಾಲೆ ಆ ಚರ್ಮಾನೂ ಕತ್ತರಿಸಬೇಕಾಗತೈತಿ.

ಗದಗ ಇಮೇಜಿಂಗ್
ಟೆಕ್ನಿಷಿಯನ್‌ಗೆ ಮೊದಲು ಹೇಳಬೇಕಾದ್ದು: ಸ್ಲೈಸ್ 1 ಮಿ.ಮೀ. ಅಥವಾ ಅದಕ್ಕಿಂತ ತೆಳು, ಬೋನ್ ಮತ್ತು ಸಾಫ್ಟ್ ಟಿಶ್ಯೂ (ಎಲುಬು ಮತ್ತು ಮೆತ್ತನೆ ಭಾಗ) ಎರಡಕ್ಕೂ ಬೇರೆ ಬೇರೆ ರೀಕನ್‌ಸ್ಟ್ರಕ್ಷನ್, ಡೈಕಾಮ್ ಫೈಲ್ (ಸ್ಕ್ಯಾನ್‌ನ ಮೂಲ ಡಿಜಿಟಲ್ ಚಿತ್ರ) ಪೆನ್‌ಡ್ರೈವ್‌ನಲ್ಲಿ. ಬಿಟ್ಟರೆ 5 ಮಿ.ಮೀ. ಫಿಲ್ಮ್ ಕೈಗೆ ಬರುತ್ತದೆ, ಆಪರೇಷನ್ ಪ್ಲ್ಯಾನಿಂಗ್‌ಗೆ ಅದು ಬರೀ ಅಲಂಕಾರ.

ನಾಯಿಯನ್ನು ಎದೆ ಕೆಳಗೆ ಮಾಡಿ ಮಲಗಿಸಿ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದೆಯೇ ನೋಡಲು, ಅರಿವಳಿಕೆ ಕೊಟ್ಟ ಕೂಡಲೇ ಎದೆ ಸ್ಕ್ಯಾನ್ ಮುಗಿಸಿ. ತಡವಾದಷ್ಟೂ ಶ್ವಾಸಕೋಶದ ಕೆಳಭಾಗ ಕುಸಿದು ಸಣ್ಣ ಗಂಟುಗಳು ಅದರಲ್ಲಿ ಮುಚ್ಚಿಹೋಗುತ್ತವೆ. ನಾಲ್ಕೈದು ಸಲ ಅರಿವಳಿಕೆ ಯಂತ್ರದ ಬ್ಯಾಗ್ ಒತ್ತಿ, ಉಸಿರು ಕ್ಷಣಕಾಲ ನಿಂತಾಗ ಚಿತ್ರ ತೆಗೆಯಿರಿ. ಆಮೇಲೆ ತಲೆ: ಮೂಗಿನ ತುದಿಯಿಂದ ಕುತ್ತಿಗೆವರೆಗೆ, ಅಂಗುಳ ಟೇಬಲ್‌ಗೆ ಸಮಾನಾಂತರವಾಗಿ. ಬಾಯಿ ತೆರೆದಿಡಲು ಕತ್ತರಿಸಿದ ಪ್ಲಾಸ್ಟಿಕ್ ಸಿರಿಂಜ್ ಸಾಕು. ಬಾಯಿ ಮುಚ್ಚಿದ್ದರೆ ಕೆನ್ನೆ ಗಂಟಿಗೆ ಅಂಟಿ ಅಂಚು ಗೊತ್ತಾಗುವುದಿಲ್ಲ. ನಾಲಿಗೆ ಮೇಲಿನ ಪಲ್ಸ್ ಆಕ್ಸಿಮೀಟರ್ ಕ್ಲಿಪ್ ಕಾಲ್ಬೆರಳಿಗೆ ಹಾಕಿ, ತಂತಿ ಸುತ್ತಿದ ಉಸಿರಾಟದ ಟ್ಯೂಬ್ ಬೇಡ; ಲೋಹ ಚಿತ್ರ ಕೆಡಿಸುತ್ತದೆ.

ಕಾಂಟ್ರಾಸ್ಟ್ (ಗಂಟು ಎದ್ದು ಕಾಣಲು ರಕ್ತನಾಳಕ್ಕೆ ಕೊಡುವ ದ್ರವ): ಅಯೋಹೆಕ್ಸಾಲ್ 300, ಕೆಜಿಗೆ 2 ಮಿ.ಲೀ., ನಿಮ್ಮ ನಾಯಿಗೆ 56 ಮಿ.ಲೀ. ಬೆಚ್ಚಗೆ ಮಾಡಿದರೆ ಸಲೀಸಾಗಿ ಹೋಗುತ್ತದೆ. ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ಮುಂಚೆಯೇ ನೋಡಿರಬೇಕು.

ಹಾವೇರಿ ಕ್ಲಿನಿಕ್
ಕೆಳದವಡೆ ಹತ್ರದ ದುಗ್ಧಗ್ರಂಥಿ (ಲಿಂಫ್ ನೋಡ್) ಕೈಗೆ ದೊಡ್ಡದು ಅನಿಸೂದಿಲ್ಲ. ಅದರ ಪರೀಕ್ಷೆ ಬಿಡಬಹುದೇನ್ರಿ? ಎಂಆರ್‌ಐ ಯಾವಾಗ?

ಗದಗ ಇಮೇಜಿಂಗ್
ಬಿಡಬೇಡಿ. ಗಾತ್ರ ನಂಬುವಂಥದ್ದಲ್ಲ: 2003ರಲ್ಲಿ ಪ್ರಕಟವಾದ, ಬಾಯಿಯ ಮೆಲನೋಮಾ (ಇನ್ನೊಂದು ಬಗೆಯ ಕ್ಯಾನ್ಸರ್) ಇದ್ದ 100 ನಾಯಿಗಳ ಅಧ್ಯಯನದಲ್ಲಿ ಗ್ರಂಥಿ ದೊಡ್ಡದಾಗಿರದ ನಾಯಿಗಳಲ್ಲೂ ಸುಮಾರು 40%ರಲ್ಲಿ ಕ್ಯಾನ್ಸರ್ ಅಲ್ಲಿಗೆ ತಲುಪಿತ್ತು. ಗಂಟಲ ಹಿಂದಿನ ರೆಟ್ರೋಫ್ಯಾರಿಂಜಿಯಲ್ ಗ್ರಂಥಿ ಕೈಗೆ ಸಿಗುವುದೇ ಇಲ್ಲ, ಸಿಟಿಯಲ್ಲಿ ಸಿಗುತ್ತದೆ. ಎರಡೂ ಬದಿ ನೋಡಿ, ಸೂಜಿ ಹಾಕಿ ಜೀವಕೋಶ ತೆಗೆದು ಪರೀಕ್ಷಿಸಿ.

ಎಂಆರ್‌ಐ ಬೇಕಾಗುವುದು ಗಂಟು ಕಣ್ಣಿನ ಗೂಡು, ಮಿದುಳಿನ ಕಡೆ ಅಥವಾ ನಾಲಿಗೆ ಬುಡಕ್ಕೆ ಹೋದಾಗ. ಮುಕ್ಕಾಲು ತಾಸಿಗೂ ಹೆಚ್ಚು ಹಿಡಿಯಬಹುದು. ಉಸಿರಾಟದ ಟ್ಯೂಬ್‌ನ ಕಫ್ (ಗಾಳಿ ತುಂಬುವ ಬಲೂನು) ವಾಲ್ವ್ ಒಳಗೊಂದು ಸ್ಪ್ರಿಂಗ್ ಇರುತ್ತದೆ, ತಲೆಯಿಂದ ದೂರ ಟೇಪ್ ಹಚ್ಚದಿದ್ದರೆ ಚಿತ್ರದಲ್ಲಿ ಕಪ್ಪು ತೂತು. ಕಬ್ಬಿಣದ ಆಕ್ಸಿಜನ್ ಸಿಲಿಂಡರ್ ಮಾತ್ರ ಆ ಕೋಣೆಯೊಳಗೆ ಒಯ್ಯಲೇಬೇಡಿ.

ಧಾರವಾಡ ಸರ್ಜರಿ
ಒಂದು ಮಾತ್ರಿ. ಹಲ್ಲಿನ ಬುಡಕ್ಕ ಕೀವಾಗಿದ್ರೂ ಎಲುಬು ಸವೆದು ಸಿಟಿಯಾಗ ಗಂಟೇ ಎಲುಬು ತಿಂದಂಗ ಕಾಣತೈತಿ, ಎಡಗಡೆ ಅದೇ ಹಲ್ಲಿಗೆ ಹೋಲಿಸಿ ನೋಡ್ರಿ. ಫೈಬ್ರೋಸಾರ್ಕೋಮಾ ಅಂತಾದ್ರ ಕಾಂಟ್ರಾಸ್ಟ್ ಹಿಡಿದ ಅಂಚಿನಿಂದ 2–3 ಸೆಂ.ಮೀ. ಬಿಟ್ಟು ಗೆರೆ ಹಾಕ್ರಿ. ಅಷ್ಟು ತಗದ್ರ ಕಣ್ಣಿನ ಗೂಡಿನ ಕೆಳಗಿನ ಎಲುಬು ಉಳೀತೈತೋ ಇಲ್ಲೋ ಅನ್ನೂದನ್ನ ಮಾಲೀಕರಿಗೆ ಟೇಬಲ್ ಏರಿಸೋಕ್ಕಿಂತ ಮೊದಲ ಹೇಳ್ರಿ.