ಗುಂಪಿನ ಮಾಹಿತಿ ಇಡೋದಕ್ಕೆ ವಿಕಿ ಬಳಸಿದವರು ಇದ್ದೀರಾ? ಅನುಭವ ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು 14 ಜನರ ಸ್ವಯಂಸೇವಕರ ಗುಂಪು. ಒಂದು ಸಣ್ಣ ಗ್ರಂಥಾಲಯ ನಡೆಸುತ್ತೇವೆ. ಸರದಿ ಪ್ರಕಾರ ಬಂದು ಬಾಗಿಲು ತೆಗೆಯುವುದು, ಪುಸ್ತಕ ಕೊಡುವುದು, ವಾಪಸ್ ತೆಗೆದುಕೊಳ್ಳುವುದು, ಇಷ್ಟೇ ಕೆಲಸ. ಆದರೆ ಯಾವ ಮಾಹಿತಿಯೂ ಒಂದು ಕಡೆ ಇಲ್ಲ. ಸ್ವಲ್ಪ ವಾಟ್ಸಾಪ್ ಗುಂಪಿನಲ್ಲಿದೆ, ಸ್ವಲ್ಪ ಯಾರದೋ ಲ್ಯಾಪ್‌ಟಾಪಿನಲ್ಲಿದೆ, ಮಿಕ್ಕಿದ್ದೆಲ್ಲ ಹಳಬರ ತಲೆಯಲ್ಲಿ. ಹೋದ ತಿಂಗಳು ಲೇಬಲ್ ಪ್ರಿಂಟರ್ ಕೈಕೊಟ್ಟಿತು. ಅದನ್ನು ಸರಿ ಮಾಡುವುದು ಹೇಗೆ ಅಂತ ಒಬ್ಬರು ಗುಂಪಿನಲ್ಲಿ ಹಿಂದೆ ಯಾವತ್ತೋ ಬರೆದಿದ್ದು ನನಗೆ ಚೆನ್ನಾಗಿ ನೆನಪಿತ್ತು. ಮುಕ್ಕಾಲು ಗಂಟೆ ಹುಡುಕಿದೆ, ಸಿಗಲಿಲ್ಲ. ಅವರಿಗೇ ಫೋನ್ ಮಾಡಿದರೆ ಅವರು ಪ್ರಯಾಣದಲ್ಲಿದ್ದರು, ಫೋನ್ ಹತ್ತಲಿಲ್ಲ. ಅವತ್ತು ಬಂದ 40 ಪುಸ್ತಕಕ್ಕೂ ಕೈಯಲ್ಲೇ ನಂಬರ್ ಬರೆದು ಅಂಟಿಸಿದ್ದಾಯಿತು.

ಇದಕ್ಕೆ ವಿಕಿ ಮಾಡಿ ಅಂತ ಒಬ್ಬರು ಸಲಹೆ ಕೊಟ್ಟಿದ್ದಾರೆ. ವಿಕಿಪೀಡಿಯ ಓದಿ ಗೊತ್ತು, ಅದಕ್ಕಿಂತ ಜಾಸ್ತಿ ಗೊತ್ತಿಲ್ಲ. 14 ಜನಕ್ಕೆ ವಿಕಿ ಬೇಕಾ? ಯಾರು ಬರೆಯುತ್ತಾರೆ? ಯಾರಾದರೂ ಗೊತ್ತಿಲ್ಲದೆ ಅಳಿಸಿಬಿಟ್ಟರೆ ಏನು ಗತಿ? ನಿಜವಾಗಿ ಮಾಡಿ ನೋಡಿದವರು ದಯವಿಟ್ಟು ಹೇಳಿ.

ಉತ್ತರ: ಕಂಪ್ಯೂಟರ್ ಸಪೋರ್ಟ್ ಕೆಲಸದಿಂದ

ಬೇಕು. ನಮ್ಮ ಟೀಮಿನಲ್ಲಿ ಇದ್ದವರು ಆರೇ ಜನ, ಆದರೂ ವಿಕಿ ಇಲ್ಲದ ದಿನಗಳಿಗೆ ನಾನಂತೂ ವಾಪಸ್ ಹೋಗುವುದಿಲ್ಲ. ನಿಮ್ಮ ಪ್ರಿಂಟರ್ ಕಥೆ ಓದಿದಾಗ ನಮ್ಮದೇ ಕಥೆ ಅನ್ನಿಸಿತು. ವಾಟ್ಸಾಪಿನಲ್ಲಿ ಬರೆದದ್ದು ಹರಿಯುವ ನೀರಿನ ಹಾಗೆ, ಅವತ್ತಿಗೆ ಸರಿ, ಮಾರನೇ ದಿನ ಎಲ್ಲೋ ಕೆಳಗೆ ಹೋಗಿರುತ್ತದೆ. ಇನ್ನು ಲ್ಯಾಪ್‌ಟಾಪಿನ ಫೈಲು ಬೇರೆ ಥರದ ತೊಂದರೆ. ನಮ್ಮಲ್ಲಿ ಒಂದೇ ಫೈಲು 'ಫೈನಲ್', 'ಹೊಸ ಫೈನಲ್', 'ಇದನ್ನೇ ನೋಡಿ' ಅಂತ ಮೂರು ಹೆಸರಲ್ಲಿ ಮೂರು ಜನರ ಹತ್ತಿರ ಇತ್ತು. ಮೂರರಲ್ಲೂ ಫೋನ್ ನಂಬರ್ ಬೇರೆ ಬೇರೆ.

ವಿಕಿಯಲ್ಲಿ ಒಂದು ವಿಷಯಕ್ಕೆ ಒಂದೇ ಪುಟ, ಆ ಪುಟಕ್ಕೆ ಒಂದು ವಿಳಾಸ. ತಪ್ಪು ಕಂಡವರು ಅಲ್ಲೇ, ಆಗಲೇ ತಿದ್ದುತ್ತಾರೆ. ಇದೊಂದೇ ಅದರ ದೊಡ್ಡ ಗುಣ ಅಂತ ನನಗೆ ಅನ್ನಿಸುತ್ತದೆ. ನಮ್ಮ ಒಂದು ಪುಟದ ವಿಷಯ ಹೇಳುತ್ತೇನೆ. ಸರ್ವರ್ ಮತ್ತೆ ಚಾಲೂ ಮಾಡುವ ವಿಧಾನ ಅದರಲ್ಲಿತ್ತು. ನಾಲ್ಕನೇ ಹೆಜ್ಜೆಯಲ್ಲಿ 'ಸ್ವಲ್ಪ ಹೊತ್ತು ಕಾಯಿರಿ' ಅಂತ ಬರೆದವನು ನಾನೇ. ನನಗೆ ಸ್ವಲ್ಪ ಹೊತ್ತು ಅಂದರೆ ಎಷ್ಟು ಅಂತ ಗೊತ್ತಿತ್ತು, ಅದಕ್ಕೇ ಬರೆಯಲಿಲ್ಲ. ಹೊಸದಾಗಿ ಸೇರಿದ ಹುಡುಗಿ ಮೊದಲ ವಾರವೇ ರಾತ್ರಿ ಪಾಳಿಯಲ್ಲಿ ಒಬ್ಬಳೇ ಇದ್ದಾಗ ಅದನ್ನು ಓದಿ, ಅರ್ಧ ನಿಮಿಷ ಕಾದು, ಮುಂದಿನ ಹೆಜ್ಜೆಗೆ ಹೋಗಿದ್ದಾಳೆ. ಕೆಲಸ ಕೆಟ್ಟಿತು. ಮತ್ತೆ ಮೊದಲಿಂದ ಶುರು ಮಾಡಿ, ಎಲ್ಲ ಸರಿಯಾದ ಮೇಲೆ ಮನೆಗೆ ಹೋಗುವ ಮುಂಚೆ ಆ ಸಾಲನ್ನು ಅವಳೇ ತಿದ್ದಿದ್ದಳು: 'ಹಸಿರು ದೀಪ ಮಿನುಗುವುದು ನಿಲ್ಲುವ ತನಕ ಕಾಯಿರಿ, ನಾಲ್ಕು ನಿಮಿಷ ಆಗಬಹುದು.' ಅವತ್ತಿಂದ ಆ ಹೆಜ್ಜೆಯಲ್ಲಿ ಯಾರೂ ಎಡವಿಲ್ಲ. ಹೊಸಬರಿಗೆ ಕಾಣುವ ಕುಂದು ಹಳಬರಿಗೆ ಕಾಣುವುದಿಲ್ಲ. ಅದಕ್ಕೆ ನಾವು ಈಗ ಹೊಸಬರಿಗೆ ಕೊಡುವ ಮೊದಲ ಕೆಲಸವೇ ಇದು: ಪುಟ ನೋಡಿಕೊಂಡು ಕೆಲಸ ಮಾಡಿ, ಎಲ್ಲಿ ಗೊಂದಲ ಆಯಿತೋ ಅಲ್ಲಿ ತಿದ್ದಿ.

ಅನುಮತಿ ಪಡೆದು ತಿದ್ದಬೇಕು ಅನ್ನುವ ನಿಯಮ ಮಾತ್ರ ಹಾಕಬೇಡಿ. ನಾವು ಎರಡು ತಿಂಗಳು ಹಾಗೆ ನಡೆಸಿದೆವು, ಆ ಎರಡು ತಿಂಗಳಲ್ಲಿ ತಿದ್ದುಪಡಿಗಳು ಹೆಚ್ಚುಕಡಿಮೆ ನಿಂತೇ ಹೋದವು. ವಿಕಿ ಅನ್ನುವುದು ಹವಾಯಿ ಭಾಷೆಯ ಮಾತು, 'ಬೇಗ' ಅಂತ ಅರ್ಥ. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿ ಶುರು ಮಾಡಿದಾಗ ಹೊನೊಲುಲು ವಿಮಾನ ನಿಲ್ದಾಣದ 'ವಿಕಿ ವಿಕಿ' ಬಸ್ಸಿನ ಹೆಸರು ನೆನಪು ಮಾಡಿಕೊಂಡು ಆ ಹೆಸರಿಟ್ಟರು. ಬೇಗ ತಿದ್ದಲು ಆಗದಿದ್ದರೆ ಜನ ಸುಮ್ಮನಾಗುತ್ತಾರೆ. ತಪ್ಪು ಅಲ್ಲೇ ಉಳಿಯುತ್ತದೆ.

ಉತ್ತರ: ಒಮ್ಮೆ ಮಾಡಿ ಸೋತು, ಮತ್ತೆ ಮಾಡಿದವರಿಂದ

ನಾನು ಹೇಳುವುದು ಎಚ್ಚರಿಕೆಗೆ. ನಮ್ಮದು ಚಾರಣಿಗರ ಗುಂಪು. ಮೊದಲ ಸಲ ವಿಕಿ ಮಾಡಿದಾಗ ನಾನು ಒಂದು ವಾರ ಕೂತು ಚೌಕಟ್ಟು ಕಟ್ಟಿದೆ. ದಾರಿಗಳು, ಸಾಮಾನು, ಪ್ರಥಮ ಚಿಕಿತ್ಸೆ, ವಾಹನ, ಹೀಗೆ ವರ್ಗಗಳು, ಒಳವರ್ಗಗಳು, ಸುಮಾರು 60 ಪುಟ. ಎಲ್ಲದರಲ್ಲೂ ತಲೆಬರಹ ಮಾತ್ರ, ಕೆಳಗೆ ಏನೂ ಇಲ್ಲ. ಎಲ್ಲರೂ ಬಂದು ತುಂಬುತ್ತಾರೆ ಅಂದುಕೊಂಡಿದ್ದೆ. ಒಬ್ಬರೂ ತುಂಬಲಿಲ್ಲ. ಒಂದೆರಡು ಸಲ ಬಂದು ಖಾಲಿ ಪುಟ ನೋಡಿದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅವರದೇನೂ ತಪ್ಪಿಲ್ಲ. ಖಾಲಿ ಮನೆಗೆ ಎಷ್ಟು ಸಲ ಬರುತ್ತಾರೆ?

ಎರಡನೇ ಸಲ ಬೇರೆ ಥರ ಮಾಡಿದೆವು. ವಾಟ್ಸಾಪ್ ಗುಂಪನ್ನು ನಿಲ್ಲಿಸಲಿಲ್ಲ, ನಿಲ್ಲಿಸಲೂ ಆಗುವುದಿಲ್ಲ. ಆದರೆ ಅಲ್ಲಿ ಯಾರಾದರೂ ಏನಾದರೂ ಕೇಳಿದರೆ ಉತ್ತರವನ್ನು ವಿಕಿಯಲ್ಲಿ ಬರೆಯುವುದು, ಗುಂಪಿನಲ್ಲಿ ಅದರ ಲಿಂಕ್ ಮಾತ್ರ ಕೊಡುವುದು. 'ಟೆಂಟಿನ ಜಿಪ್ ಸಿಕ್ಕಿಹಾಕಿಕೊಂಡರೆ ಏನು ಮಾಡೋದು?' ಅಂತ ಒಬ್ಬರು ಕೇಳಿದರು, ನಾಲ್ಕು ಸಾಲಿನ ಪುಟ ಆಯಿತು. ಎರಡನೇ ಸಲ ಅದೇ ಪ್ರಶ್ನೆ ಬಂದಾಗ ಲಿಂಕ್ ಕೊಟ್ಟವರು ನಾನಲ್ಲ, ಬೇರೆಯವರು. ಇದು ಹಿಡಿಯಿತು ಅಂತ ನನಗೆ ಗೊತ್ತಾದದ್ದು ಅವತ್ತೇ. ಮೂರು ತಿಂಗಳಿಗೆ ಆಗಿದ್ದು 22 ಪುಟ ಮಾತ್ರ, ಆದರೆ ಪ್ರತಿಯೊಂದೂ ಯಾರಿಗೋ ಬೇಕಾಗಿದ್ದ ಪುಟ. ವರ್ಗಗಳನ್ನು ಆಮೇಲೆ ಮಾಡಿದೆವು, ಪುಟಗಳು ತಾವೇ ಗುಂಪುಗೂಡಿದ್ದು ಕಂಡ ಮೇಲೆ.

ಇನ್ನೊಂದು. ವಿಕಿಯಲ್ಲಿ ಇಲ್ಲದ ಪುಟಕ್ಕೂ ಕೊಂಡಿ ಹಾಕಬಹುದು. ಮೀಡಿಯಾವಿಕಿ ಅನ್ನುವ, ವಿಕಿಪೀಡಿಯ ಬಳಸುವ ಸಾಫ್ಟ್‌ವೇರಿನಲ್ಲಿ ಅದು ಕೆಂಪು ಬಣ್ಣದಲ್ಲಿ ಕಾಣುತ್ತದೆ, ಒತ್ತಿದರೆ ಬರೆಯುವ ಪೆಟ್ಟಿಗೆ ತೆರೆಯುತ್ತದೆ. 'ನೀವು ಬರೆಯಿರಿ' ಅಂತ ಹತ್ತು ಸಲ ಹೇಳಿದರೂ ಬರೆಯದವರು ಆ ಕೆಂಪು ಪದ ಕಂಡರೆ ಬರೆಯುತ್ತಾರೆ. ಏನು ಕೊರತೆ ಇದೆ ಅಂತ ಕಣ್ಣಿಗೇ ಕಾಣುತ್ತದೆ, ಅಲ್ವಾ?

ಉತ್ತರ: ಅಳಿಸಿಹೋಗುವ ಭಯದ ಬಗ್ಗೆ

ಅದಕ್ಕೆ ಹೆದರಬೇಡಿ. ಪ್ರತಿ ಸಲ ಉಳಿಸಿದಾಗಲೂ ಹಳೆಯ ಪ್ರತಿ ಹಾಗೇ ಇರುತ್ತದೆ. 'ಇತಿಹಾಸ' ಒತ್ತಿದರೆ ಯಾರು, ಯಾವತ್ತು, ಎಷ್ಟು ಗಂಟೆಗೆ, ಏನು ಬದಲಿಸಿದರು ಅಂತ ಪೂರ್ತಿ ಪಟ್ಟಿ ಬರುತ್ತದೆ. ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬಹುದು. ನಮ್ಮಲ್ಲಿ ಒಬ್ಬರು ಮೊಬೈಲಿನಲ್ಲಿ ತಿದ್ದುವಾಗ ಕೈತಪ್ಪಿ ಇಡೀ ಸರದಿ ಪಟ್ಟಿ ಅಳಿಸಿ ಉಳಿಸಿಬಿಟ್ಟರು. ಪಾಪ, ಗಾಬರಿಯಿಂದ ಫೋನ್ ಮಾಡಿದರು. ಅವರು ಮಾತು ಮುಗಿಸುವಷ್ಟರಲ್ಲಿ ಹಳೆಯ ಪ್ರತಿ ವಾಪಸ್ ತಂದಿದ್ದೆ.

ಉಳಿಸುವ ಗುಂಡಿಯ ಹತ್ತಿರ ಒಂದು ಸಾಲಿನ ಸಾರಾಂಶ ಬರೆಯುವ ಜಾಗ ಇರುತ್ತದೆ, ಅದನ್ನು ಖಾಲಿ ಬಿಡಬೇಡಿ ಅಂತ ಎಲ್ಲರಿಗೂ ಹೇಳಿ. 'ಬೀಗ ಬದಲಾಯಿತು, ಹಳೇ ಕೀ ಬೇಡ' ಅಂತ ನಾಲ್ಕೈದು ಪದ ಸಾಕು. ಒಂದು ವರ್ಷ ಬಿಟ್ಟು ನೋಡುವವರಿಗೆ ಯಾಕೆ ಬದಲಿಸಿದರು ಅಂತ ಗೊತ್ತಾಗುವುದು ಅದೊಂದರಿಂದಲೇ. ಭಿನ್ನಾಭಿಪ್ರಾಯ ಇದ್ದರೆ ಪುಟದಲ್ಲಿ ಜಗಳ ಬೇಡ, ಪಕ್ಕದ 'ಚರ್ಚೆ' ಪುಟ ಇರುವುದೇ ಅದಕ್ಕೆ.

ಆದರೆ ಇದೇ ಕಾರಣಕ್ಕೆ ಪಾಸ್‌ವರ್ಡ್, ಬ್ಯಾಂಕ್ ವಿವರ, ಸದಸ್ಯರ ಮನೆ ವಿಳಾಸ ವಿಕಿಯಲ್ಲಿ ಹಾಕಲೇಬೇಡಿ. ಅಳಿಸಿದರೂ ಇತಿಹಾಸದಲ್ಲಿ ಉಳಿದಿರುತ್ತದೆ.

ಉತ್ತರ: ಕನ್ನಡದಲ್ಲಿ ಬರೆಯುವವರಿಗೆ

ಇದನ್ನು ಯಾರೂ ಹೇಳಲಿಲ್ಲ, ಅದಕ್ಕೆ ನಾನು ಹೇಳುತ್ತೇನೆ. ನೀವು ಕನ್ನಡದಲ್ಲೇ ಬರೆಯುವುದಾದರೆ (ಬರೆಯಿರಿ, ದಯವಿಟ್ಟು) ಹುಡುಕಾಟದ ಬಗ್ಗೆ ಮೊದಲೇ ಯೋಚಿಸಿ. ನಮ್ಮ ಭಾಷೆಯಲ್ಲಿ ಪದದ ಬಾಲ ಬದಲಾಗುತ್ತಲೇ ಇರುತ್ತದೆ. 'ಬೀಗ' ಅನ್ನುವ ಪುಟ ಇದ್ದು, ನೀವು ಬೇರೆ ಪುಟದಲ್ಲಿ 'ಬೀಗದ' ಅನ್ನುವ ಪದಕ್ಕೆ ಹಾಗೇ ಕೊಂಡಿ ಹಾಕಿದರೆ ವಿಕಿ ಅದನ್ನು ಬೇರೆ ಪುಟ ಅಂತಲೇ ತಿಳಿಯುತ್ತದೆ. ಹಾಗಾಗಿ [[ಬೀಗ|ಬೀಗದ]] ಅಂತ ಬರೆಯಬೇಕು. ಮೊದಲನೆಯದು ಪುಟದ ನಿಜವಾದ ಹೆಸರು, ಗೆರೆಯ ನಂತರದ್ದು ಓದುವವರಿಗೆ ಕಾಣುವ ಪದ. ಹೊಸಬರಿಗೆ ಇದೊಂದು ತೋರಿಸಿಕೊಟ್ಟರೆ ಅರ್ಧ ಗೊಂದಲ ಕಡಿಮೆ.

ಅದೇ ರೀತಿ ಒಬ್ಬರು 'ರಿಪೇರಿ' ಅಂತ ಹುಡುಕುತ್ತಾರೆ, ಇನ್ನೊಬ್ಬರು 'ದುರಸ್ತಿ' ಅಂತ. ಒಬ್ಬರು 'ಪ್ರಿಂಟರ್' ಬರೆದರೆ ಮತ್ತೊಬ್ಬರು 'ಪ್ರಿಂಟರು'. ಮೀಡಿಯಾವಿಕಿಯಲ್ಲಿ ಇದಕ್ಕೆ ಪುನರ್ನಿರ್ದೇಶನ ಇದೆ: 'ದುರಸ್ತಿ' ಅಂತ ಒಂದು ಪುಟ ಮಾಡಿ ಅದು ನೇರವಾಗಿ 'ರಿಪೇರಿ' ಪುಟಕ್ಕೆ ಕರೆದುಕೊಂಡು ಹೋಗುವ ಹಾಗೆ ಮಾಡಬಹುದು. ಅದು ಇಲ್ಲದ ಕಡೆ ಪುಟದ ಮೊದಲ ಸಾಲಿನಲ್ಲೇ ಬೇರೆ ಹೆಸರುಗಳನ್ನೂ ಬರೆದುಬಿಡಿ. ಪುಟಕ್ಕೆ ಹೆಸರಿಡುವಾಗ ಚಂದದ ಪದ ಹುಡುಕಬೇಡಿ. ಬಾಯಲ್ಲಿ ಏನು ಅನ್ನುತ್ತಾರೋ ಅದನ್ನೇ ಇಡಿ. ನಮ್ಮ ಶಿಕ್ಷಕರ ಗುಂಪಿನಲ್ಲಿ 'ಮೌಲ್ಯಮಾಪನ ಮಾರ್ಗಸೂಚಿ' ಅನ್ನುವ ಪುಟ ಯಾರಿಗೂ ಸಿಗುತ್ತಿರಲಿಲ್ಲ. 'ಪೇಪರ್ ತಿದ್ದುವುದು ಹೇಗೆ' ಅಂತ ಹೆಸರು ಬದಲಿಸಿದ ಮೇಲೆ ಎಲ್ಲರಿಗೂ ಸಿಕ್ಕಿತು.

ಅಭ್ಯಾಸಕ್ಕೆ ಬೇಕಿದ್ದರೆ ಕನ್ನಡ ವಿಕಿಪೀಡಿಯ ಇದ್ದೇ ಇದೆ, 2003ರಿಂದ ನಡೆಯುತ್ತಿದೆ. ಖಾತೆ ಮಾಡಿಕೊಂಡರೆ ನಿಮ್ಮದೇ ಪ್ರಯೋಗಪುಟ ಸಿಗುತ್ತದೆ, ಅಲ್ಲಿ ಏನು ಬೇಕಾದರೂ ಬರೆದು ಅಳಿಸಿ ಕಲಿಯಬಹುದು. ಕೈ ಕುದುರಿದ ಮೇಲೆ ಅಲ್ಲಿಗೂ ನಾಲ್ಕು ಸಾಲು ಬರೆಯಿರಿ, ಖುಷಿಯಾಗುತ್ತದೆ.

ಉತ್ತರ: ಯಾವ ಸಾಫ್ಟ್‌ವೇರ್ ಅನ್ನುವುದಕ್ಕೆ

ಚಿಕ್ಕದಾಗಿ ಹೇಳುತ್ತೇನೆ. ವಿಕಿಪೀಡಿಯ ನಡೆಯುವುದು ಮೀಡಿಯಾವಿಕಿಯ ಮೇಲೆ. ತುಂಬ ಗಟ್ಟಿ, ಆದರೆ ಅದಕ್ಕೆ ಡೇಟಾಬೇಸ್ ಬೇಕು, ನೋಡಿಕೊಳ್ಳುವವರು ಬೇಕು. 'ಈ ಪುಟ ಇವರಿಗೆ ಮಾತ್ರ ಕಾಣಲಿ' ಅನ್ನುವ ಬಳಕೆಗೆ ಅದನ್ನು ಮಾಡಿಲ್ಲ. 14 ಜನಕ್ಕೆ ನಾನಾದರೆ ಡೋಕುವಿಕಿ ಹಾಕುತ್ತೇನೆ. 2004ರಿಂದ ಇದೆ, ಉಚಿತ. ಪುಟಗಳೆಲ್ಲ ಸಾದಾ ಟೆಕ್ಸ್ಟ್ ಫೈಲುಗಳಾಗಿ ಇರುತ್ತವೆ. ಬ್ಯಾಕಪ್ ಅಂದರೆ ಫೋಲ್ಡರ್ ನಕಲು ಮಾಡಿಕೊಳ್ಳುವುದು, ಅಷ್ಟೇ. ಯಾರಿಗೆ ಯಾವ ಪುಟ ಕಾಣಬೇಕು ಅನ್ನುವುದನ್ನೂ ಅದರಲ್ಲೇ ನಿಗದಿ ಮಾಡಬಹುದು. ಒಬ್ಬರು ತಿದ್ದುತ್ತಿರುವಾಗ ಆ ಪುಟ ಬೇರೆಯವರಿಗೆ ಸ್ವಲ್ಪ ಹೊತ್ತು ಬೀಗ ಹಾಕಿಕೊಳ್ಳುತ್ತದೆ, ಹಾಗಾಗಿ ಒಬ್ಬರ ಬರಹದ ಮೇಲೆ ಇನ್ನೊಬ್ಬರದು ಬೀಳುವುದಿಲ್ಲ.

ಒಬ್ಬರದೇ ಟಿಪ್ಪಣಿಗೆ ಟಿಡ್ಲಿವಿಕಿ ಚೆನ್ನ. ಇಡೀ ವಿಕಿ ಒಂದೇ ಫೈಲು, ಬ್ರೌಸರಿನಲ್ಲಿ ತೆರೆದರೆ ಸಾಕು. ನಮ್ಮ ಮನೆಯ ಎಲ್ಲ ಯಂತ್ರಗಳ ವಿವರ, ಯಾವತ್ತು ಕೊಂಡದ್ದು, ಫಿಲ್ಟರ್ ಯಾವ ಅಳತೆ, ನೀರಿನ ಯಾವ ವಾಲ್ವ್ ತಿರುಗಿಸಿದರೆ ಯಾವ ನಲ್ಲಿ ನಿಲ್ಲುತ್ತದೆ, ಎಲ್ಲ ಅದರಲ್ಲೇ ಬರೆದಿಟ್ಟಿದ್ದೇನೆ. ಆದರೆ ಹಲವರು ಒಟ್ಟಿಗೆ ಬರೆಯುವ ಕೆಲಸಕ್ಕೆ ಅದು ಸರಿಹೋಗುವುದಿಲ್ಲ.

ಯಾವುದೇ ಹಾಕಿದರೂ ವಾರಕ್ಕೊಮ್ಮೆ ಹತ್ತು ನಿಮಿಷ 'ಇತ್ತೀಚಿನ ಬದಲಾವಣೆಗಳು' ನೋಡುವವರು ಒಬ್ಬರು ಇರಲೇಬೇಕು. ತೋಟ ಇದ್ದ ಹಾಗೆ, ಕಳೆ ಕೀಳದಿದ್ದರೆ ಗಿಡ ಕಾಣುವುದಿಲ್ಲ. ಹಳೆಯದಾದ ಪುಟದ ತಲೆಯ ಮೇಲೆ 'ಇದು ಹಳೆಯದು, ಹೊಸದು ಇಲ್ಲಿದೆ' ಅಂತ ಬರೆದು ಕೊಂಡಿ ಕೊಡಿ. ಹಳೇ ಮಾಹಿತಿಯನ್ನು ನಂಬಿ ಒಮ್ಮೆ ಕೆಟ್ಟವರು ಮತ್ತೆ ವಿಕಿ ತೆರೆಯುವುದು ಕಷ್ಟ.

ಪ್ರಶ್ನೆ ಕೇಳಿದವರಿಂದ, ಹತ್ತು ದಿನದ ನಂತರ

ಎಲ್ಲರಿಗೂ ತುಂಬ ಧನ್ಯವಾದ. ಡೋಕುವಿಕಿ ಹಾಕಿದೆವು, ಒಬ್ಬ ಸದಸ್ಯರ ತಮ್ಮ ಒಂದು ಸಂಜೆಯಲ್ಲಿ ಹಾಕಿಕೊಟ್ಟರು. ಚೌಕಟ್ಟು ಗೀಕಟ್ಟು ಏನೂ ಕಟ್ಟಲಿಲ್ಲ. ಮೊದಲ ಪುಟ 'ಲೇಬಲ್ ಪ್ರಿಂಟರ್ ನಿಂತರೆ'. ಐದು ಸಾಲು ನಾನೇ ಬರೆದೆ, ಪ್ರಯಾಣ ಮುಗಿಸಿ ಬಂದವರ ಹತ್ತಿರ ಕೂತು ಕೇಳಿಕೊಂಡು. 'ಗುಂಡಿ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ' ಅಂತ ಬರೆದ ಮೇಲೆ ನಾಲ್ಕನೇ ಹೆಜ್ಜೆಯ ಕಥೆ ನೆನಪಾಯಿತು, ಹೋಗಿ ಪ್ರಿಂಟರ್ ಮುಂದೆ ನಿಂತು ನೋಡಿ, 'ಕೇಸರಿ ದೀಪ ಎರಡು ಸಲ ಮಿನುಗುವ ತನಕ' ಅಂತ ತಿದ್ದಿದೆ. ಅದೇ ಪುಟದಲ್ಲಿ 'ರೋಲ್ ಹಾಕುವುದು' ಅಂತ ಇಲ್ಲದ ಪುಟಕ್ಕೆ ಕೊಂಡಿ ಬಿಟ್ಟಿದ್ದೆ. ಮೂರನೇ ದಿನ ನೋಡಿದರೆ ಪುಟ ತುಂಬಿದೆ. ಬರೆದವರು ಗುಂಪಿನಲ್ಲಿ ಇಲ್ಲಿಯವರೆಗೆ ಒಂದು ಸಾಲೂ ಬರೆಯದ ಒಬ್ಬ ಹಿರಿಯರು. ರೋಲ್ ಯಾವ ಕಡೆಯಿಂದ ಬಿಚ್ಚಬೇಕು ಅಂತ ತೋರಿಸಲು ಫೋಟೋ ತೆಗೆದು ಹಾಕಿದ್ದಾರೆ, ಅದರಲ್ಲಿ ಅವರ ಹೆಬ್ಬೆರಳೂ ಇದೆ.

ಸದ್ಯಕ್ಕೆ ಒಟ್ಟು ಏಳು ಪುಟ. ನಾಳೆ ಕೀ ಯಾರ ಹತ್ತಿರ ಇರುತ್ತದೆ ಅನ್ನುವ ಪುಟ ಬರೆಯಬೇಕು.