ಸಹಾಯ ಬೇಕು: ಲಾಭ ಏರಿದೆ, ನಗದು ಮೈನಸ್. ಸುದ್ದಿ ಹೇಗೆ ಬರೆಯಲಿ?

ಕ್ರೈಮ್ ವರದಿಗಾರಿಕೆ ಬಿಟ್ಟು ಈಗಷ್ಟೇ ವಾಣಿಜ್ಯ ಡೆಸ್ಕ್‌ಗೆ ಬಂದಿದ್ದೇನೆ. ಬಡ್ಡಿದರ, ಹಣದುಬ್ಬರದ ಸುದ್ದಿ ಹೇಗೋ ನಿಭಾಯಿಸುತ್ತೇನೆ. ಕಂಪನಿ ಫಲಿತಾಂಶ ಬಂದರೆ ಮಾತ್ರ ತಲೆ ಕೆಡುತ್ತದೆ.

ಕೈಲಿರುವ ವಾರ್ಷಿಕ ವರದಿಯಲ್ಲಿ ನಿವ್ವಳ ಲಾಭ ಏರಿದೆ. ಕ್ಯಾಶ್ ಫ್ಲೋ (ನಗದು ಬಂದುಹೋದ ಲೆಕ್ಕ) ಪುಟದಲ್ಲಿ ನೋಡಿದರೆ ವ್ಯವಹಾರದಿಂದ ಬಂದ ನಗದು ಮೈನಸ್! ಸಾಲಕ್ಕೆ ಮಾರಿದ್ದೂ ಆದಾಯಕ್ಕೆ ಸೇರುತ್ತದೆ, ದುಡ್ಡು ಆಮೇಲೆ ಬರುತ್ತದೆ, ಅಷ್ಟು ಗೊತ್ತು. ಬ್ಯಾಲೆನ್ಸ್ ಶೀಟ್ (ಕಂಪನಿಯ ಆಸ್ತಿ-ಸಾಲದ ಪಟ್ಟಿ) ತೆಗೆದು ನೋಡಿದೆ, ಗ್ರಾಹಕರಿಂದ ಬರಬೇಕಾದ ಬಾಕಿ ಮಾರಾಟಕ್ಕಿಂತ ಜೋರಾಗಿ ಬೆಳೆದಿದೆ. ಕಂಪನಿಯ ಪಿಆರ್‌ನವರನ್ನು (ಪ್ರಚಾರ ವಿಭಾಗ) ಕೇಳಿದರೆ ಅದೇ ಪತ್ರಿಕಾ ಪ್ರಕಟಣೆ ಮತ್ತೆ ಕಳಿಸಿದರು.

ವೇಗವಾಗಿ ಬೆಳೆಯುವ ಕಂಪನಿಗೂ ಹೀಗಾಗುತ್ತದೆ, ಲೆಕ್ಕ ಉಬ್ಬಿಸಿದವರಿಗೂ ಹೀಗೇ ಆಗುತ್ತದೆ, ಅಲ್ವಾ? ಸುಮ್ನೆ ಅನುಮಾನ ಬರೆದು ಮಾನನಷ್ಟ ಕೇಸು ಎಳೆದುಕೊಳ್ಳಲಾರೆ. ಇವೆರಡನ್ನು ಬೇರೆ ಮಾಡಲು ನೀವು ಮುಂದೆ ಯಾವ ಅಂಕಿ ನೋಡುತ್ತೀರಿ, ಯಾರನ್ನು ಕೇಳುತ್ತೀರಿ?